ಮೆಮೊರಿ ಕೆಟ್ಟ ಸುದ್ದಿ ಫರ್ಮ್‌ವೇರ್ ತಂದರೆ, ಕರ್ನಲ್‌ನಲ್ಲಿ ಅದು ಯಾರ ಪಾಲು?

ಪ್ರಶ್ನೆ: ನಾನು ಕುಮಟಾದವನು. ಬೆಂಗಳೂರಿನ ಸಣ್ಣ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಮ್ಮದೇ ವಿನ್ಯಾಸದ 64 ಬಿಟ್ ಆರ್ಮ್ ಬೋರ್ಡು, ತಪ್ಪಿದ ಬಿಟ್ಟನ್ನು ಸರಿಮಾಡುವ ಇಸಿಸಿ ಮೆಮೊರಿ, ಮೇಲೆ ಲಿನಕ್ಸ್. ಬೋರ್ಡಿನಲ್ಲಿ ಏನೇನಿದೆ ಅಂತ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ತಿಳಿಸಲು ಸರ್ವರ್‌ಗಳಲ್ಲಿರುವ ಎಸಿಪಿಐ ಇಲ್ಲ, ಡಿವೈಸ್ ಟ್ರೀ ಮಾತ್ರ. ಕಾರವಾರದ ಬೈತಖೋಲ ಬಂದರಿನ ಬಳಿ ಒಂದು ಪೆಟ್ಟಿಗೆ, ಶಿರಸಿಯಲ್ಲಿ ಒಂದು ಪೆಟ್ಟಿಗೆ ಇಟ್ಟು ಕ್ಯಾಮೆರಾ ಚಿತ್ರ ಸಂಗ್ರಹಿಸುತ್ತಿದ್ದೇವೆ. ಕಾರವಾರದ ಪೆಟ್ಟಿಗೆಯಲ್ಲಿ ಮೇ ತಿಂಗಳಿಂದ ಮೆಮೊರಿ ಎರರ್ ಶುರುವಾಗಿದೆ. ಎರಡು ಸಲ ತಾನಾಗಿಯೇ ರೀಬೂಟ್ ಆಯಿತು. ನಮ್ಮ ಬೋರ್ಡಿನಲ್ಲಿ ಎರರ್ ಮೊದಲು ಹೋಗುವುದು ಫರ್ಮ್‌ವೇರ್‌ಗೆ, ಅಂದರೆ ಲಿನಕ್ಸ್‌ಗಿಂತ ಕೆಳಗೆ ಬೋರ್ಡಿನಲ್ಲೇ ಓಡುವ ಪ್ರೋಗ್ರಾಮಿಗೆ. ಆ ತಂಡದವರು "ಎಲ್ಲ ನಾವೇ ನೋಡಿಕೊಳ್ಳುತ್ತೇವೆ, ಕರ್ನಲ್‌ಗೆ ಹೇಳುವುದೇ ಬೇಡ" ಅನ್ನುತ್ತಾರೆ. ನಮ್ಮ ಲೀಡ್ "ಮೆಮೊರಿ ವಿಷಯ ಅಂದಮೇಲೆ ಕೋಡೆಲ್ಲ ಎಂಎಂ (ಕರ್ನಲ್‌ನ ಮೆಮೊರಿ ನಿರ್ವಹಣೆಯ ಭಾಗ) ಒಳಗೇ ಇರಲಿ" ಅನ್ನುತ್ತಾರೆ. ನಾನು ಡ್ರೈವರ್ಸ್ ಅಡಿಯ ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಒಂದು ಡ್ರೈವರ್ ಬರೆದಿದ್ದೇನೆ. ಎರರ್ ಎಣಿಸುವುದು, ಮಿತಿ ನೋಡುವುದು, ಕೆಟ್ಟ ಪೇಜ್ (ಮೆಮೊರಿಯ ಸಣ್ಣ ತುಣುಕು) ಬಳಕೆಯಿಂದ ತೆಗೆದುಹಾಕುವುದು ಎಲ್ಲ ಅದರಲ್ಲೇ ಇದೆ. ಯಾರದ್ದು ಸರಿ? ಇನ್ನೊಂದು ಮಾತು: ಉಪ್ಪುಗಾಳಿಯಿಂದ ಹೀಗಾಗುತ್ತದೆ ಅಂತ ಕೆಲವರು, ಕೈಗಾ ಹತ್ತಿರ ಇರುವುದರಿಂದ ಅಂತ ಕೆಲವರು ಹೇಳುತ್ತಾರೆ. ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಸೇರಿಕೊಂಡಿವೆ. ಎರರ್ ಯಾಕೆ ಬರುತ್ತಿದೆ, ಬಂದಾಗ ಯಾರು ಏನು ಮಾಡಬೇಕು, ಆ ಕೋಡ್ ಯಾವ ಫೋಲ್ಡರ್‌ನಲ್ಲಿ ಕೂರಬೇಕು. ನಿಮ್ಮ ತಂಡದಲ್ಲಿ ಜಗಳ ನಡೆಯುತ್ತಿರುವುದು ಮೂರನೆಯದರ ಮೇಲೆ. ಎರಡನೆಯದು ಇತ್ಯರ್ಥವಾದರೆ ಆ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ.

ಮೊದಲು ಕೈಗಾ ವಿಷಯ ಮುಗಿಸೋಣ. ಸ್ಥಾವರ ಕಾರವಾರ ತಾಲೂಕಿನಲ್ಲೇ ಇದೆ, 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ, ಸರಿ. ಆದರೆ ಮೆಮೊರಿಯ ಬಿಟ್ ತಿರುಗಿಸುವ ಕಣಗಳು ಬರುವುದು ಬೇರೆ ಕಡೆಯಿಂದ. ಒಂದು, ಚಿಪ್ಪಿನ ಕವಚದಲ್ಲೇ ಇರುವ ಅಶುದ್ಧ ವಸ್ತುಗಳಿಂದ ಹೊರಡುವ ಆಲ್ಫಾ ಕಣಗಳು. ಇಂಟೆಲ್‌ನ ಮೇ ಮತ್ತು ವುಡ್ಸ್ ಇದನ್ನು 1978ರಲ್ಲೇ ತೋರಿಸಿದರು. ಇನ್ನೊಂದು, ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಾನ್‌ಗಳು. ಇವು ಎತ್ತರ ಹೋದಷ್ಟೂ ಜಾಸ್ತಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಬೈತಖೋಲ ಸಮುದ್ರಮಟ್ಟದಲ್ಲಿದೆ. ಈ ಲೆಕ್ಕದಲ್ಲಿ ನಿಮ್ಮ ಬೆಂಗಳೂರು ಆಫೀಸಿನ ಬೋರ್ಡಿಗೇ ಹೊಡೆತ ಜಾಸ್ತಿ. ರಿಯಾಕ್ಟರಿನ ನ್ಯೂಟ್ರಾನ್ ಅದರ ಗೋಡೆ ದಾಟಿ, ಹತ್ತಾರು ಕಿಲೋಮೀಟರ್ ಗಾಳಿಯಲ್ಲಿ ಸಾಗಿ ನಿಮ್ಮ ಪೆಟ್ಟಿಗೆಗೆ ಬರುವುದಿಲ್ಲ.

ಉಪ್ಪುಗಾಳಿಯ ಮಾತಿನಲ್ಲಿ ಅರ್ಧ ನಿಜ ಇದೆ. ಚಿಪ್ಪಿನೊಳಗಿನ ಕೋಶಗಳು ಅಂಟಿನಲ್ಲಿ ಮುಚ್ಚಿಕೊಂಡಿರುತ್ತವೆ, ಅಲ್ಲಿಗೆ ಉಪ್ಪು ಹೋಗುವುದಿಲ್ಲ. ಹೋಗುವುದು ಸ್ಲಾಟಿನ ಪಿನ್ನುಗಳಿಗೆ, ಬೆಸುಗೆಗೆ, ಪವರ್ ಸಪ್ಲೈಗೆ. ಪಿನ್ ತುಕ್ಕು ಹಿಡಿದರೆ ಎರರ್‌ಗಳು ಬೇರೆ ಬೇರೆ ವಿಳಾಸಗಳಲ್ಲಿ ಬರುತ್ತವೆ, ಆದರೆ ತಪ್ಪುವ ಬಿಟ್ ಮಾತ್ರ ಪ್ರತಿ ಸಲ ಅದೇ ಆಗಿರುತ್ತದೆ. ಕೋಶ ಕೆಟ್ಟಿದ್ದರೆ ಒಂದೇ ಸಾಲಿನ ವಿಳಾಸಗಳು ಮತ್ತೆ ಮತ್ತೆ ಬರುತ್ತವೆ. ಈ ಎರಡನ್ನು ಬೇರೆ ಮಾಡಲು ವಿಳಾಸವೂ ಬಿಟ್ ಸಂಖ್ಯೆಯೂ ಲಾಗ್‌ನಲ್ಲಿ ಇರಬೇಕು. ನಿಮ್ಮ ಫರ್ಮ್‌ವೇರ್ ಅದನ್ನು ತನ್ನಲ್ಲೇ ಇಟ್ಟುಕೊಂಡು ಕೂತಿದೆಯಲ್ಲ, ತೊಂದರೆ ಅಲ್ಲಿಂದಲೇ ಶುರು.

ನನಗೆ ಉಪ್ಪಿಗಿಂತ ಬಿಸಿಲಿನ ಮೇಲೆ ಅನುಮಾನ ಜಾಸ್ತಿ. ಎರರ್ ಶುರುವಾಗಿದ್ದು ಮೇ ತಿಂಗಳಲ್ಲಿ ಅಂತ ನೀವೇ ಬರೆದಿದ್ದೀರಿ, ಮಳೆ ಹಿಡಿಯುವ ಮೊದಲು. ಡಿರ‍್ಯಾಮ್ ಕೋಶದ ಚಾರ್ಜು ಸೋರುತ್ತಲೇ ಇರುತ್ತದೆ. 85 ಡಿಗ್ರಿಯವರೆಗೆ ಪ್ರತಿ 64 ಮಿಲಿಸೆಕೆಂಡಿಗೆ ಎಲ್ಲ ಸಾಲುಗಳನ್ನೂ ಒಮ್ಮೆ ತುಂಬಿಸಿದರೆ ಸಾಕು. ಅದಕ್ಕಿಂತ ಬಿಸಿಯಾದರೆ 32 ಮಿಲಿಸೆಕೆಂಡಿಗೆ ಇಳಿಸಬೇಕು. ಹೊಸ ಬೋರ್ಡುಗಳಲ್ಲಿ ಫರ್ಮ್‌ವೇರ್ ಈ ಬದಲಾವಣೆ ಮಾಡುವುದನ್ನೇ ಮರೆತಿರುವುದನ್ನು ನಾನು ಕಂಡಿದ್ದೇನೆ. ಮುಚ್ಚಿದ ತಗಡಿನ ಪೆಟ್ಟಿಗೆ, ಮೇ ತಿಂಗಳ ಕಾರವಾರ, ಒಳಗೆ ಫ್ಯಾನ್ ಇಲ್ಲ ಅಂದರೆ ಮೊದಲು ನೋಡಬೇಕಾದ್ದು ಅದೇ. ಒಂದು ಸುಲಭ ಪರೀಕ್ಷೆ: ಶಿರಸಿಯ ಬೋರ್ಡನ್ನು ಕಾರವಾರಕ್ಕೂ ಕಾರವಾರದ್ದನ್ನು ಶಿರಸಿಗೂ ಅದಲುಬದಲು ಮಾಡಿ. ಎರರ್ ಬೋರ್ಡಿನ ಜೊತೆ ಘಟ್ಟ ಹತ್ತಿದರೆ ಚಿಪ್ ಇಲ್ಲವೇ ಪಿನ್ ಕೆಟ್ಟಿದೆ. ಬಂದರಿನಲ್ಲೇ ಉಳಿದರೆ ಪೆಟ್ಟಿಗೆ, ಬಿಸಿ ಅಥವಾ ಕರೆಂಟು.

ಈಗ ಮುಖ್ಯ ವಿಷಯ. ಮಾಮೂಲಿ ಇಸಿಸಿಯಲ್ಲಿ 64 ಬಿಟ್ ಮಾಹಿತಿಗೆ 8 ಬಿಟ್ ಕಾವಲು. ಒಂದು ಬಿಟ್ ತಪ್ಪಿದರೆ ಸರಿಮಾಡುತ್ತದೆ. ಎರಡು ತಪ್ಪಿದರೆ ತಪ್ಪಿದೆ ಅಂತ ಗೊತ್ತಾಗುತ್ತದೆ, ಸರಿಮಾಡಲು ಆಗುವುದಿಲ್ಲ. "ಸರಿಯಾಯಿತಲ್ಲ, ಇನ್ಯಾಕೆ ಹೇಳಬೇಕು?" ಅನ್ನುವುದು ಫರ್ಮ್‌ವೇರ್ ತಂಡಗಳ ಹಳೆಯ ವಾದ. ಗೂಗಲ್ ತನ್ನ ಸರ್ವರ್‌ಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಾದವನ್ನು ಮುರಿಯುತ್ತದೆ. ವರ್ಷಕ್ಕೆ ಸುಮಾರು 8 ಪ್ರತಿಶತ ಮೆಮೊರಿ ಕಡ್ಡಿಗಳಲ್ಲಿ, ಸುಮಾರು ಮೂರರಲ್ಲಿ ಒಂದು ಯಂತ್ರದಲ್ಲಿ ಸರಿಹೋಗುವ ಎರರ್ ಕಂಡಿತ್ತು. ಹಾಗೆ ಕಂಡ ಕಡ್ಡಿಗಳಲ್ಲೇ ಮುಂದೆ ಸರಿಹೋಗದ ಎರರ್ ಬರುವ ಸಂಭವ ತುಂಬಾ ಹೆಚ್ಚಾಗಿತ್ತು. ಅಂದರೆ ಸರಿಹೋದ ಎರರ್ ಒಂದು ಮುನ್ಸೂಚನೆ. ಅದನ್ನು ನುಂಗಿದರೆ ನಿಮಗೆ ಸಿಗುವ ಮೊದಲ ಸುದ್ದಿಯೇ ರೀಬೂಟ್.

ಹಾಗಂತ ಫರ್ಮ್‌ವೇರ್ ಬೇಡವೇ ಬೇಡ ಅಂತಲ್ಲ. ನಿಮ್ಮ ಚಿಪ್ಪಿನಲ್ಲಿ ಮೆಮೊರಿ ಕಂಟ್ರೋಲರಿನ ರಿಜಿಸ್ಟರ್‌ಗಳು ಫರ್ಮ್‌ವೇರ್ ಮಾತ್ರ ಮುಟ್ಟಬಲ್ಲ ಸುರಕ್ಷಿತ ಭಾಗದಲ್ಲಿದ್ದರೆ ಕರ್ನಲ್‌ಗೆ ಅವು ಕಾಣುವುದೇ ಇಲ್ಲ. ವಿಳಾಸವನ್ನು ಯಾವ ಚಾನೆಲ್, ಯಾವ ಬ್ಯಾಂಕ್, ಯಾವ ಸಾಲು ಅಂತ ಬಿಡಿಸುವ ಲೆಕ್ಕವೂ ಚಿಪ್ಪಿಗೊಂದು ಥರ. ಅದನ್ನು ಫರ್ಮ್‌ವೇರ್ ಮಾಡಲಿ. ಆದರೆ ಅದಕ್ಕೆ ಲೈನ್‌ಮನ್‌ಗೆ ಗೊತ್ತಿರುವಷ್ಟೇ ಗೊತ್ತು: ಯಾವ ಕಂಬ ಬಿದ್ದಿದೆ ಅಂತ ಹೇಳಬಲ್ಲದು, ಆ ತಂತಿಯ ತುದಿಯಲ್ಲಿ ಯಾರ ಮನೆ ಇದೆ ಅಂತ ಹೇಳಲಾರದು.

ಸರಿಹೋಗದ ಒಂದು ಎರರನ್ನು ಹತ್ತಿರದಿಂದ ನೋಡಿ. ಕೆಟ್ಟದ್ದು 4 ಕಿಲೋಬೈಟಿನ ಒಂದು ಪೇಜ್. ಅದು ಖಾಲಿ ಪೇಜ್ ಆಗಿರಬಹುದು. ಆಗ ಕರ್ನಲ್ ಅದನ್ನು ಖಾಲಿ ಪಟ್ಟಿಯಿಂದ ಎತ್ತಿಟ್ಟರೆ ಕೆಲಸ ಮುಗಿಯಿತು. ನಿಮ್ಮ ಕ್ಯಾಮೆರಾ ಪ್ರೋಗ್ರಾಮಿನ ಲೈಬ್ರರಿಯ ತುಣುಕಾಗಿರಬಹುದು. ಡಿಸ್ಕಿನಲ್ಲಿ ಅದರ ಮೂಲ ಇದೆ, ಇದನ್ನು ಬಿಸಾಡಿ ಮತ್ತೆ ಓದಿಕೊಂಡರೆ ಪ್ರೋಗ್ರಾಮಿಗೆ ಗೊತ್ತೂ ಆಗುವುದಿಲ್ಲ. ಡಿಸ್ಕಿಗೆ ಇನ್ನೂ ಬರೆಯದ ಚಿತ್ರವಾಗಿದ್ದರೆ ಆ ಫೈಲಿಗೆ ಮಾತ್ರ ನಷ್ಟ, ಅದನ್ನು ಬರೆದವರಿಗೆ ಎರರ್ ಕೋಡ್ ಹೋಗುತ್ತದೆ. ಪ್ರೋಗ್ರಾಮಿನ ಸ್ವಂತ ಡೇಟಾ ಆಗಿದ್ದರೆ ಅದಕ್ಕೊಂದು ಸಿಗ್‌ಬಸ್ ಸಿಗ್ನಲ್, ಅದು ಸಾಯುತ್ತದೆ, ಉಳಿದದ್ದೆಲ್ಲ ಓಡುತ್ತಿರುತ್ತದೆ. ಕರ್ನಲ್‌ನ ಸ್ವಂತ ರಚನೆಯೇ ಕೆಟ್ಟಿದ್ದರೆ ಮಾತ್ರ ಮಾಡುವಂಥದ್ದು ಹೆಚ್ಚೇನಿಲ್ಲ. ಫರ್ಮ್‌ವೇರ್‌ಗೆ ಈ ಐದೂ ಒಂದೇ ಥರ ಕಾಣುತ್ತವೆ. ಅದಕ್ಕೆ ಗೊತ್ತಿರುವ ಔಷಧಿ ರೀಬೂಟ್ ಒಂದೇ. ನಿಮ್ಮ ಎರಡು ರೀಬೂಟುಗಳಲ್ಲಿ ಒಂದಾದರೂ ಬರೀ ಒಂದು ಪ್ರೋಗ್ರಾಮ್ ಮತ್ತೆ ಶುರು ಮಾಡಿ ಮುಗಿಯುವ ಕೇಸು ಆಗಿದ್ದಿರಬಹುದು.

ಈ ಐದೂ ದಾರಿಯ ತೀರ್ಮಾನ ಲಿನಕ್ಸ್‌ನಲ್ಲಿ ಆಗಲೇ ಬರೆದಿಟ್ಟಿದೆ. ಎಂಎಂ ಫೋಲ್ಡರ್‌ನ ಮೆಮೊರಿ-ಫೇಲ್ಯೂರ್ ಫೈಲ್ ಅದು, 2009ರ 2.6.32 ಆವೃತ್ತಿಯಿಂದ ಇದೆ. ಹಾಗಾಗಿ ನಿಮ್ಮ ಲೀಡ್ ಹೇಳಿದ್ದರಲ್ಲಿ ಸತ್ಯ ಇದೆ: ಪೇಜ್ ಏನಾಗಬೇಕು ಅನ್ನುವ ತೀರ್ಮಾನ ಎಂಎಂನದ್ದೇ. ತಪ್ಪಿದ್ದು ಎಲ್ಲಿ ಅಂದರೆ, ನಿಮ್ಮ ಬೋರ್ಡಿನ ಫರ್ಮ್‌ವೇರ್ ಜೊತೆ ಮಾತಾಡುವ ಕೋಡನ್ನೂ ಅಲ್ಲಿಗೇ ತುರುಕಬೇಕು ಅಂದದ್ದು. ಎಂಎಂಗೆ ಒಂದು ಪೇಜ್ ನಂಬರ್ ಕೊಟ್ಟರೆ ಸಾಕು. ಅದನ್ನು ಯಾವ ಚಿಪ್ ಹೇಳಿತು, ಯಾವ ಕಾಲ್‌ನಿಂದ ಬಂತು ಅಂತ ಅದಕ್ಕೆ ಗೊತ್ತಿರಬಾರದು. ಅಲ್ಲಿನ ಮೇಂಟೇನರ್‌ಗಳು ಅಂಥ ಪ್ಯಾಚ್ ತೆಗೆದುಕೊಳ್ಳುವುದೂ ಇಲ್ಲ, ಸುಮ್ನೆ ಒಂದು ತಿಂಗಳು ಹೋಗುತ್ತದೆ.

ಸರ್ವರ್‌ಗಳಲ್ಲಿ ಇದು ಹೇಗೆ ಹಂಚಿಕೆಯಾಗಿದೆ ನೋಡಿ. 2009ರ ಎಸಿಪಿಐ 4.0ರಲ್ಲಿ ಎರರ್ ಸುದ್ದಿ ದಾಟಿಸುವ ಎಪಿಇಐ ಅನ್ನುವ ಭಾಗ ಬಂತು, ಮರುವರ್ಷ 2.6.35ರಲ್ಲಿ ಲಿನಕ್ಸ್‌ಗೂ ಬಂತು. ಫರ್ಮ್‌ವೇರ್ ಎರರಿನ ವಿವರವನ್ನು ಸಿಪರ್ ಎಂಬ ನಿಗದಿತ ರೂಪದಲ್ಲಿ ಒಂದು ಜಾಗದಲ್ಲಿ ಬರೆದಿಟ್ಟು ಕರ್ನಲ್‌ನ ಬಾಗಿಲು ತಟ್ಟುತ್ತದೆ. ಅದನ್ನು ಎತ್ತಿಕೊಳ್ಳುವ ಘೆಸ್ ಡ್ರೈವರ್ ಎಸಿಪಿಐ ಫೋಲ್ಡರ್‌ನಲ್ಲಿದೆ. ಸಿಪರ್ ಓದಿ ಮುದ್ರಿಸುವ ಕೋಡ್ ಫರ್ಮ್‌ವೇರ್ ಫೋಲ್ಡರ್‌ನ ಇಎಫ್ಐ ಒಳಗಿದೆ. ಎರರುಗಳ ಲೆಕ್ಕ ಇಡುವುದು ಎಡಾಕ್ ಎಂಬ ಇನ್ನೊಂದು ಭಾಗ. ಪೇಜಿನ ತೀರ್ಮಾನ ಎಂಎಂ. ನಾಲ್ಕು ಕಡೆ ಚದುರಿದೆ ಅಂತ ಮೊದಲು ಕಿರಿಕಿರಿ ಆಗುತ್ತದೆ. ಆದರೆ ಪ್ರತಿಯೊಂದೂ ತನಗೆ ಗೊತ್ತಿರುವುದನ್ನು ಮಾತ್ರ ಮಾಡುತ್ತಿದೆ, ಅಲ್ವಾ? ಘೆಸ್ ಒಳಗೆ ಮೆಮೊರಿ ಎರರಿನ ಪಾಲಿಗಿರುವ ಫಂಕ್ಷನ್ ತೀರಾ ಸಣ್ಣದು. ವಿಳಾಸ ಇದೆಯೇ ಅಂತ ನೋಡುತ್ತದೆ. ಸರಿಹೋದ ಎರರ್, ಮಿತಿ ದಾಟಿದೆ ಅಂತ ಫರ್ಮ್‌ವೇರ್ ಹೇಳಿದ್ದರೆ ಪೇಜಿನಲ್ಲಿರುವುದನ್ನು ಬೇರೆಡೆ ಸಾಗಿಸಿ ಮೆದುವಾಗಿ ತೆಗೆ ಅನ್ನುತ್ತದೆ. ಚೇತರಿಸಿಕೊಳ್ಳಬಹುದಾದ ಎರರ್ ಆದರೆ ಮೆಮೊರಿ ಫೇಲ್ಯೂರ್ ಕ್ಯೂಗೆ ಹಾಕುತ್ತದೆ. ಅಷ್ಟೇ.

ನಿಮ್ಮ ಡ್ರೈವರ್ ಇದೇ ಅಳತೆಗೆ ಇಳಿಯಬೇಕು. ಸುದ್ದಿ ತೆಗೆದುಕೊಳ್ಳುವುದು, ಪರೀಕ್ಷಿಸುವುದು, ದಾಟಿಸುವುದು. ಪರೀಕ್ಷಿಸುವುದನ್ನು ಬಿಡಬೇಡಿ ಮಾರಾಯ್ರೆ. ಫರ್ಮ್‌ವೇರ್ ಕೊಟ್ಟ ವಿಳಾಸ ನಿಜವಾಗಿಯೂ ಮೆಮೊರಿಯದ್ದೇ ಅಂತ ನೋಡದೆ ಮುಂದೆ ಕಳಿಸಬಾರದು. ಘೆಸ್ ಕೂಡ ಅದನ್ನು ನೋಡಿಯೇ ಕಳಿಸುತ್ತದೆ. ಸಂದೇಶಕ್ಕೆ ನಿಮ್ಮದೇ ಹೊಸ ರಚನೆ ಮಾಡಿಕೊಳ್ಳುವ ಬದಲು ಸಿಪರ್ ರೂಪವನ್ನೇ ಬಳಸಿ. ಅದು ಯುಇಎಫ್ಐ ಎಂಬ ಫರ್ಮ್‌ವೇರ್ ಮಾನದಂಡದ ನಿಯಮಗಳಲ್ಲಿ ಇರುವಂಥದ್ದು, ಅದನ್ನು ಬಳಸಲು ಎಸಿಪಿಐ ಇರಲೇಬೇಕು ಅಂತೇನಿಲ್ಲ. ನಾಳೆ ನಿಮ್ಮ ಕಂಪನಿ ಎಸಿಪಿಐ ಇರುವ ಬೋರ್ಡು ಮಾಡಿದರೂ ಫರ್ಮ್‌ವೇರ್ ಬರೆಯುವ ಸಂದೇಶದ ರೂಪ ಬದಲಾಗುವುದಿಲ್ಲ.

ಫೋಲ್ಡರ್ ಯಾವುದು? ನಾನಾದರೆ ಎಡಾಕ್‌ನಲ್ಲಿ ಇಡುತ್ತೇನೆ. ಅಲ್ಲಿ ಆಲ್ಟೇರಾ, ಬ್ಲೂಫೀಲ್ಡ್ ಚಿಪ್ಪುಗಳ ಡ್ರೈವರ್‌ಗಳು ಸುರಕ್ಷಿತ ಭಾಗದ ರಿಜಿಸ್ಟರ್‌ಗಳನ್ನು ಫರ್ಮ್‌ವೇರ್ ಮೂಲಕವೇ ಓದುತ್ತವೆ, ಹಾಗಾಗಿ ನಿಮ್ಮದು ಹೊಸ ಪದ್ಧತಿಯೇನೂ ಆಗುವುದಿಲ್ಲ. ಅದೇ ಫರ್ಮ್‌ವೇರ್ ಚಾನೆಲ್‌ನಲ್ಲಿ ತಾಪಮಾನ, ವಾಚ್‌ಡಾಗ್ ಇತ್ಯಾದಿಯೂ ಬರುತ್ತಿದ್ದರೆ ಚಾನೆಲ್ ಮಾತ್ರ ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಇರಲಿ, ಮೆಮೊರಿ ಭಾಗ ಎಡಾಕ್‌ನಲ್ಲಿ ಅದರ ಗಿರಾಕಿಯಾಗಿರಲಿ. ಒಂದು ಎಚ್ಚರ: ಅದೇ ಕಂಟ್ರೋಲರಿಗೆ ಇನ್ನೊಂದು ಎಡಾಕ್ ಡ್ರೈವರ್ ಇದ್ದರೆ ಎರಡನ್ನೂ ಓಡಿಸಬೇಡಿ. ಒಂದೇ ಎರರ್ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ, ಇಲ್ಲವೇ ಒಬ್ಬರು ರಿಜಿಸ್ಟರ್ ಒರೆಸಿದ್ದು ಇನ್ನೊಬ್ಬರಿಗೆ ಸಿಗುವುದೇ ಇಲ್ಲ. ಸರ್ವರ್‌ಗಳಲ್ಲಿ ಘೆಸ್ ಲೆಕ್ಕ ಇಡುತ್ತಿದ್ದರೆ ಚಿಪ್ಪಿನ ಸ್ವಂತ ಎಡಾಕ್ ಡ್ರೈವರ್ ತಾನಾಗಿಯೇ ಹಿಂದೆ ಸರಿಯುವುದು ಇದಕ್ಕೇ.

ಇನ್ನು ನೀವು ಬರೆದ ಎಣಿಕೆ, ಮಿತಿ, ಪೇಜ್ ತೆಗೆಯುವ ಕೋಡು. ಅದನ್ನು ಅಳಿಸಿ ಅನ್ನುವುದು ನನ್ನ ಸಲಹೆ. ಕಷ್ಟಪಟ್ಟು ಬರೆದಿದ್ದೀರಿ, ಬೇಜಾರಾಗುತ್ತದೆ, ಗೊತ್ತು. ಎಷ್ಟು ಎರರ್ ಬಂದರೆ ಪೇಜ್ ಬಿಡಬೇಕು ಅನ್ನುವುದು ಯಂತ್ರವನ್ನು ನಡೆಸುವವರ ಆಯ್ಕೆ, ಡ್ರೈವರಿನದ್ದಲ್ಲ. ಎಡಾಕ್‌ಗೆ ಸರಿಯಾಗಿ ಸುದ್ದಿ ಕೊಟ್ಟರೆ ರಾಸ್‌ಡೀಮನ್ ಎಂಬ ಹಿನ್ನೆಲೆಯ ಪ್ರೋಗ್ರಾಮ್ ಅದನ್ನು ಎತ್ತಿಕೊಂಡು ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ಪೇಜ್ ತೆಗೆಯುವ ಸೌಲಭ್ಯ ಸೇರಿಸಿ ಬಿಲ್ಡ್ ಮಾಡಿಕೊಂಡರೆ, ಒಂದು ಪೇಜ್ 24 ಗಂಟೆಯಲ್ಲಿ 50 ಎರರ್ ಮುಟ್ಟಿದಾಗ ಅದನ್ನು ತೆಗೆಯಲು ಕರ್ನಲ್‌ಗೆ ಹೇಳುತ್ತದೆ. ಆ ಎರಡೂ ಸಂಖ್ಯೆಗಳು ಕಾನ್ಫಿಗ್ ಫೈಲಿನಲ್ಲಿ ಬದಲಿಸುವಂಥವು. ಕಾರವಾರಕ್ಕೊಂದು ಮಿತಿ, ಶಿರಸಿಗೊಂದು ಮಿತಿ ಇಡಬಹುದು, ಕರ್ನಲ್ ಮುಟ್ಟಬೇಕಿಲ್ಲ.

ಮಿತಿಯನ್ನು ಕೆಳಗೆ ಹೂತಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕರ್ನಲ್‌ನಲ್ಲೇ ಉದಾಹರಣೆ ಇದೆ. ಸರಿಹೋದ ಎರರ್ ಮಿತಿ ದಾಟಿತು ಅಂತ ಫರ್ಮ್‌ವೇರ್ ಹೇಳಿದ ಕೂಡಲೇ ಪೇಜ್ ತೆಗೆಯುವ ಪದ್ಧತಿ ಇತ್ತಲ್ಲ, ಅದು ದೊಡ್ಡ ಪೇಜ್ ಬಳಸುವವರಿಗೆ ಮುಳುವಾಯಿತು. ಒಂದು ಬಿಟ್ಟಿನ ತೊಂದರೆಗೆ 1 ಗಿಗಾಬೈಟಿನ ದೊಡ್ಡ ಪೇಜ್ ಒಡೆದುಹೋಗುತ್ತಿತ್ತು. ವರ್ಚುವಲ್ ಯಂತ್ರ ನಡೆಸುವವರಿಗೆ ಅದು ಎರರಿಗಿಂತ ದುಬಾರಿ. ಕೊನೆಗೆ 2024ರ 6.11 ಆವೃತ್ತಿಯಲ್ಲಿ ಇದನ್ನು ನಿಲ್ಲಿಸುವ ಒಂದು ಸ್ವಿಚ್ ಬಂತು, ಯಂತ್ರದ ಮಾಲೀಕರ ಕೈಗೆ.

ತುಸು ಕಷ್ಟದ ಜಾಗ ಒಂದಿದೆ. ಎರರ್ ಎರಡು ಥರ ಬರುತ್ತದೆ. ಸ್ಕ್ರಬರ್ ಸುಮ್ಮನೆ ಮೆಮೊರಿ ಓದುತ್ತಾ ಹೋಗುವಾಗ ಸಿಕ್ಕಿದ್ದು ಒಂದು. ಅದಕ್ಕೆ ಅವಸರ ಇಲ್ಲ, ಕ್ಯೂಗೆ ಹಾಕಿದರೆ ಆಮೇಲೆ ನೋಡಿಕೊಳ್ಳುತ್ತದೆ. ಇನ್ನೊಂದು, ಪ್ರೋಗ್ರಾಮ್ ಆ ಕೆಟ್ಟ ಪೇಜನ್ನು ಈಗಲೇ ಓದಲು ಹೋಗಿ ಸಿಕ್ಕಿಬಿದ್ದದ್ದು. ಇಲ್ಲಿ ಕ್ಯೂಗೆ ಹಾಕಿ ಪ್ರೋಗ್ರಾಮಿಗೆ ಹಿಂದಿರುಗಿದರೆ ಅದು ಅದೇ ಸಾಲನ್ನು ಮತ್ತೆ ಓದುತ್ತದೆ, ಮತ್ತೆ ಬೀಳುತ್ತದೆ, ಸುತ್ತುತ್ತಲೇ ಇರುತ್ತದೆ. ಘೆಸ್‌ನಲ್ಲೂ ಈ ತೊಡಕು ಇತ್ತು. ಪ್ರೋಗ್ರಾಮಿಗೆ ಹಿಂದಿರುಗುವ ಮೊದಲೇ ಕ್ಯೂ ಖಾಲಿ ಮಾಡುವಂತೆ 2020ರಲ್ಲಿ ಸರಿಮಾಡಿದರು. ನಿಮ್ಮ ಬೋರ್ಡಿನಲ್ಲಿ ಎಪಿಇಐ ಇಲ್ಲದ ಕಾರಣ ಆ ಸಿದ್ಧ ದಾರಿ ಸಿಗುವುದಿಲ್ಲ. ಎಪಿಇಐ ಇಲ್ಲದಾಗ ಆರ್ಮ್ ಕರ್ನಲ್ ಆ ಪ್ರೋಗ್ರಾಮಿಗೆ ಸಿಗ್‌ಬಸ್ ಕಳಿಸಿ ಕೈತೊಳೆದುಕೊಳ್ಳುತ್ತದೆ. ಪ್ರೋಗ್ರಾಮ್ ಸಾಯುತ್ತದೆ, ಪೇಜ್ ಮಾತ್ರ ಹಾಗೇ ಉಳಿದು ಇನ್ನೊಬ್ಬರ ಕೈ ಸೇರಬಹುದು. ಆದ್ದರಿಂದ ಫರ್ಮ್‌ವೇರ್ ಅದೇ ವಿಳಾಸವನ್ನು ನಿಮ್ಮ ಡ್ರೈವರಿಗೂ ಬೇರೆಯಾಗಿ ಕಳಿಸಲೇಬೇಕು, ಡ್ರೈವರ್ ಅದನ್ನು ಕ್ಯೂಗೆ ಹಾಕಬೇಕು. ಆರ್ಮ್‌ನ ಒಳ ಕೋಡಿಗೆ ಈಗಲೇ ಕೈ ಹಾಕಬೇಡಿ. ಅವಸರವಿಲ್ಲದ ದಾರಿ ಮೊದಲು ಗಟ್ಟಿಯಾಗಲಿ.

ಫರ್ಮ್‌ವೇರ್ ತಂಡಕ್ಕೆ ಉಳಿಯುವ ಕೆಲಸ ಕಡಿಮೆ ಅಂದುಕೊಳ್ಳಬೇಡಿ. ಕರ್ನಲ್ ತೆಗೆದಿಟ್ಟ ಪೇಜ್ ರೀಬೂಟ್ ಆದರೆ ಮತ್ತೆ ಒಳಗೆ ಬರುತ್ತದೆ, ಅದಕ್ಕೆ ನೆನಪಿಲ್ಲ. ನೆನಪಿಡುವುದು ಫರ್ಮ್‌ವೇರ್‌ಗೆ ಸಾಧ್ಯ. ಕೆಟ್ಟ ಸಾಲುಗಳ ಪಟ್ಟಿಯನ್ನು ಫ್ಲ್ಯಾಶ್‌ನಲ್ಲಿ ಇಟ್ಟುಕೊಂಡು, ಮುಂದಿನ ಬೂಟಿನಲ್ಲಿ ಕರ್ನಲ್‌ಗೆ ಕೊಡುವ ಮೆಮೊರಿ ನಕ್ಷೆಯಿಂದಲೇ ಅವನ್ನು ಬಿಟ್ಟುಬಿಡಬಹುದು. ಡಿಡಿಆರ್4 ಚಿಪ್ಪುಗಳಲ್ಲಿ ಬಿಡಿ ಸಾಲುಗಳಿರುತ್ತವೆ, ಕೆಟ್ಟ ಸಾಲಿನ ಬದಲು ಅವನ್ನು ಶಾಶ್ವತವಾಗಿ ಜೋಡಿಸಬಹುದು. ಬಿಡಿ ಸಾಲು ಇರುವುದು ಬೆರಳೆಣಿಕೆಯಷ್ಟು, ಒಮ್ಮೆ ಜೋಡಿಸಿದರೆ ಹಿಂದೆ ಪಡೆಯಲಾಗದು. ಹಾಗಾಗಿ ಬಿಸಿಲಿನಿಂದ ಬಂದ ಎರರಿಗೆ ಅವನ್ನು ಖರ್ಚು ಮಾಡಿದರೆ ನಷ್ಟ. ಎಎಂಡಿಯವರು ತಮ್ಮ ಎಂಐ300 ಚಿಪ್ಪಿಗೆ 2024ರ 6.9ರಲ್ಲಿ ತಂದ ಡ್ರೈವರ್ ಈ ಎರಡು ಲೋಕಗಳ ನಡುವಿನದ್ದು: ಕೆಟ್ಟ ಜಾಗಗಳ ದಾಖಲೆಯನ್ನು ಫರ್ಮ್‌ವೇರ್ ಒದಗಿಸುವ ಶಾಶ್ವತ ಸಂಗ್ರಹದಲ್ಲಿ ಇಡುತ್ತದೆ, ಬೂಟ್ ಆದಾಗ ಓದಿ ಮತ್ತೆ ಪೇಜುಗಳನ್ನು ತೆಗೆಯುತ್ತದೆ. ಅದನ್ನು ಇಟ್ಟಿರುವುದು ಡ್ರೈವರ್ಸ್ ಅಡಿಯ ರಾಸ್ ಫೋಲ್ಡರ್‌ನಲ್ಲಿ. ನಿಮಗೆ ಮುಂದೆ ಅಂಥದ್ದು ಬೇಕಾದರೆ ಜಾಗ ಅಲ್ಲಿದೆ.

ಎಲ್ಲವನ್ನೂ ಫರ್ಮ್‌ವೇರ್‌ಗೆ ಬಿಟ್ಟರೆ ಇನ್ನೂ ಒಂದು ಅಪಾಯ ಇದೆ. ಅದು ಕೆಲಸ ಮಾಡುವಾಗ ಆ ಕೋರ್ ಕರ್ನಲ್ ಕೈಯಲ್ಲಿ ಇರುವುದಿಲ್ಲ. ಇಂಟೆಲ್, ಎಎಂಡಿಯವರ ಎಕ್ಸ್86ರಲ್ಲಿ ಎಸ್ಎಂಐ (ನಡೆಯುತ್ತಿರುವ ಕೆಲಸ ತಡೆದು ಫರ್ಮ್‌ವೇರನ್ನು ಕರೆಯುವ ಇಂಟರಪ್ಟ್) ಬಂದರೆ ಎಲ್ಲ ಕೋರುಗಳೂ ನಿಲ್ಲುತ್ತವೆ. ಅಂಟಿಕೊಂಡ ಒಂದು ಬಿಟ್ ಸಾವಿರಾರು ಇಂಟರಪ್ಟ್ ಎಬ್ಬಿಸಬಲ್ಲದು, ಆಗ ಕ್ಯಾಮೆರಾದ ಫ್ರೇಮುಗಳು ಉದುರಿಹೋಗುತ್ತವೆ, ಲಾಗ್‌ನಲ್ಲಿ ಯಾವ ಕಾರಣವೂ ಕಾಣುವುದಿಲ್ಲ. ಎರರ್ ಸುರಿಮಳೆ ಆದಾಗ ಇಂಟರಪ್ಟ್ ಮುಚ್ಚಿ, ಆಗಾಗ ನೋಡಿ, ಒಟ್ಟು ಸಂಖ್ಯೆ ಹೇಳುವ ವ್ಯವಸ್ಥೆ ಇರಲಿ ಅಂತ ಆ ತಂಡಕ್ಕೆ ಹೇಳಿ. ಎಲ್ಲವನ್ನೂ ಕರ್ನಲ್‌ಗೇ ಕೊಟ್ಟು, ರಿಜಿಸ್ಟರ್‌ಗಳನ್ನು ತೆರೆದಿಡುವ ದಾರಿಯೂ ಇದೆ. ಲಾಗ್ ಚೆನ್ನಾಗಿ ಸಿಗುತ್ತದೆ, ಆದರೆ ಚಿಪ್ ಬದಲಾದಾಗಲೆಲ್ಲ ವಿಳಾಸದ ಲೆಕ್ಕ ಹೊಸದಾಗಿ ಬರೆಯಬೇಕು. ಸಣ್ಣ ತಂಡಕ್ಕೆ ಅದು ಭಾರ.

ಪರೀಕ್ಷೆಯನ್ನು ಮೇಜಿನ ಮೇಲೆಯೇ ಮಾಡಿ. ಮೊದಲು ನಿಮ್ಮ ಕರ್ನಲ್ ಕಾನ್ಫಿಗ್‌ನಲ್ಲಿ ಮೆಮೊರಿ ಫೇಲ್ಯೂರ್ ಆಯ್ಕೆ ಆನ್ ಇದೆಯೇ ನೋಡಿ. ಬೋರ್ಡಿನ ಡೀಫಾಲ್ಟ್ ಕಾನ್ಫಿಗ್‌ನಲ್ಲಿ ಅದು ಇಲ್ಲದಿದ್ದರೆ ಡ್ರೈವರ್ ಎಷ್ಟು ಚೆನ್ನಾಗಿದ್ದರೂ ಪೇಜ್ ಹಾಗೇ ಇರುತ್ತದೆ. ಎಂಎಂ ಭಾಗಕ್ಕೆ ಹೊಸ ಹಾರ್ಡ್‌ವೇರ್ ಬೇಡ. ಎಂಅಡ್ವೈಸ್ ಕಾಲ್‌ನ ಹೆಚ್‌ಡಬ್ಲ್ಯೂಪಾಯ್ಸನ್ ಆಯ್ಕೆಯಿಂದ ಒಂದು ಸಣ್ಣ ಪ್ರೋಗ್ರಾಮ್ ತನ್ನದೇ ಪೇಜನ್ನು ಕೆಟ್ಟಿದೆ ಅನ್ನಿಸಬಹುದು, ಸಿಗ್‌ಬಸ್ ಬರುತ್ತದೆಯೇ ನೋಡಬಹುದು. ಕ್ಯಾಮೆರಾ ಪ್ರೋಗ್ರಾಮಿನ ಮೇಲೂ ಇದನ್ನು ಮಾಡಿ, ಸತ್ತಮೇಲೆ ಸಿಸ್ಟಮ್‌ಡಿ ಅದನ್ನು ತಾನಾಗಿ ಎಬ್ಬಿಸುತ್ತದೆಯೇ ಖಚಿತ ಮಾಡಿಕೊಳ್ಳಿ. ಆಮೇಲೆ ಫರ್ಮ್‌ವೇರ್ ತಂಡದಿಂದ ಸುಳ್ಳು ಎರರ್ ಕಳಿಸುವ ಒಂದು ಕಾಲ್ ಮಾಡಿಸಿಕೊಳ್ಳಿ, ಡಿಬಗ್ ಬಿಲ್ಡ್‌ನಲ್ಲಿ ಮಾತ್ರ. ಅದರಲ್ಲಿ ತಪ್ಪು ವಿಳಾಸ, ಮೆಮೊರಿಯೇ ಇಲ್ಲದ ವಿಳಾಸ, ಒಂದೇ ವಿಳಾಸ ನೂರು ಸಲ, ಈ ಮೂರನ್ನೂ ಕಳಿಸಿ ನೋಡಿ. ಈ ಪರೀಕ್ಷೆ ದಾಟಿದ ಡ್ರೈವರನ್ನು ಮಾತ್ರ ಬೈತಖೋಲದ ಪೆಟ್ಟಿಗೆಗೆ ಹಾಕಿ. ಹೋಗುವಾಗ ಒಂದು ತಾಪಮಾನದ ಸೆನ್ಸರ್ ತೆಗೆದುಕೊಂಡು ಹೋಗಿ ಮೆಮೊರಿ ಚಿಪ್ಪಿನ ಪಕ್ಕದಲ್ಲೇ ಅಂಟಿಸಿ ಬನ್ನಿ.